ಕಾಗದದ ಗುಂಡಿ ತುಂಬುತ್ತಿದ್ದ ಅಕ್ಕ

ಕಳೆದ ತಿಂಗಳು ಬೆಳುವಾಯಿಯಿಂದ ಫೋನ್ ಬಂದಾಗ ನೀವಿಬ್ಬರೂ ನನ್ನ ಹತ್ತಿರವೇ ಕೂತಿದ್ದಿರಿ. ತೀರಿಹೋದ ಸುದ್ದಿ ಕೇಳಿ ಫೋನ್ ಇಟ್ಟೆ. "ಯಾರು ಹೋದದ್ದು ಅಜ್ಜಿ?" ಎಂದು ಚಿಕ್ಕವಳು ಕೇಳಿದಳು. "ನನ್ನ ಆಫೀಸಿನವರು" ಎಂದೆ. ಅಷ್ಟರಲ್ಲೇ ಮಾತು ಮುಗಿಸಿದೆ. ಅದು ಸಾಲದು ಎಂದು ಆಮೇಲೆ ಅನ್ನಿಸಿತು. ನಿಮ್ಮ ಅಜ್ಜ ಇದ್ದಿದ್ದರೆ ಅವರೇ ಬಣ್ಣ ಕಟ್ಟಿ ಹೇಳುತ್ತಿದ್ದರು. ನನಗೆ ಬಾಯಿ ಕಡಿಮೆ. ಬರೆದರೆ ಸ್ವಲ್ಪ ಬರುತ್ತದೆ, ಅದನ್ನು ಕಲಿಸಿದ್ದೂ ಈಗ ತೀರಿಹೋದ ಆ ಆಫೀಸಿನ ಅಕ್ಕನೇ.

ಅವರ ಹೆಸರು ಇಲ್ಲಿ ಹಾಕುವುದಿಲ್ಲ. ಹೆಸರು ಅಚ್ಚಾಗುವುದು ಅವರಿಗೆ ಇಷ್ಟವಿರಲಿಲ್ಲ. ಮೂಡುಬಿದಿರೆಯ ಒಂದು ಕಾಲೇಜಿನ ಆಫೀಸಿನಲ್ಲಿ ಅವರು ದೊಡ್ಡ ಗುಮಾಸ್ತೆ. ಪ್ರಿನ್ಸಿಪಾಲರಿಂದ ಹಿಡಿದು ಗಂಟೆ ಹೊಡೆಯುವವನವರೆಗೆ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತು ತುಂಬಿರಲಿಲ್ಲ. ಹಳ್ಳಿ ಶಾಲೆಯಲ್ಲಿ ಕಲಿತವಳು. ಯಾರಾದರೂ ಏನಾದರೂ ಕೇಳಿದರೆ ತಲೆ ಆಡಿಸುವುದೇ ನನ್ನ ಉತ್ತರವಾಗಿತ್ತು. ಮೊದಲ ದಿನ ಅಕ್ಕ ನನ್ನನ್ನು ನೋಡಿ, "ನಿನಗೆ ನಾಲಗೆ ಉಂಟಾ, ಇಲ್ಲ ಮನೆಯಲ್ಲಿ ಬಿಟ್ಟು ಬಂದಿದ್ದೀಯಾ ಮಾರಾಯ್ತಿ?" ಎಂದರು. ಅದಕ್ಕೂ ನಾನು ತಲೆ ಆಡಿಸಿದೆ.

ಸಪೂರ, ಎತ್ತರ. ಹತ್ತಿಯ ಸೀರೆ, ಭುಜಕ್ಕೊಂದು ಪಿನ್ನು. ಮದುವೆಯಾಗಿರಲಿಲ್ಲ. ಏಕೆಂದು ಕೇಳಿದವರಿಗೆ, "ಪುರುಸೊತ್ತಾಗಲಿಲ್ಲ" ಎನ್ನುತ್ತಿದ್ದರು. ಬೆಳುವಾಯಿಯಿಂದ ಬೆಳಗ್ಗಿನ ಬಸ್ಸಿಗೆ ಬರುತ್ತಿದ್ದರು. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ. ಗಂಜಿ ಉಣ್ಣುವಾಗ ಯಾರು ಬಂದು ಕರೆದರೂ ಏಳುತ್ತಿರಲಿಲ್ಲ. "ಕಾಲೇಜು ಓಡಿ ಹೋಗುವುದಿಲ್ಲ, ಗಂಜಿ ತಣಿದು ಹೋಗ್ತದೆ."

ಅವರು ಟೈಪಿಂಗ್ ಕಲಿತದ್ದು ಬಂಟ್ವಾಳದಲ್ಲಿ. ಅಲ್ಲಿ ಒಂದು ಅಂಗಡಿಯ ಮಾಳಿಗೆಯ ಮೇಲೆ ಕಲಿಸುವ ಮಾಸ್ಟ್ರು ಹುಡುಗಿಯರ ಕೈಯ ಮೇಲೆ ಬೈರಾಸು, ಅಂದರೆ ಮೈ ಒರೆಸುವ ಟವಲು, ಹಾಕಿ, ಅಕ್ಷರ ಕಾಣದ ಹಾಗೆ ಬಡಿಯಿಸುತ್ತಿದ್ದರಂತೆ. ಕನ್ನಡದ ಯಂತ್ರ ಒಂದೇ ಒಂದು. ಅದಕ್ಕೆ ಸರದಿ ಬರಲು ಕಾಯುತ್ತಾ ಕಾಯುತ್ತಾ, ಮಾಸ್ಟ್ರ ಮಗನ ಲೆಕ್ಕದ ಪುಸ್ತಕ ಓದಿ ಭಾಗಾಕಾರದಲ್ಲಿ ಗಟ್ಟಿಯಾದೆ ಎಂದು ಅಕ್ಕ ಹೇಳುತ್ತಿದ್ದರು.

ಆಫೀಸಿನಲ್ಲಿ ನಮ್ಮಿಬ್ಬರ ದೊಡ್ಡ ಕೆಲಸ ಹಾಜರಿ ಕಾಗದ. ಪರೀಕ್ಷೆಗೆ ಕೂರಬೇಕಾದರೆ ನೂರಕ್ಕೆ ಎಪ್ಪತ್ತೈದು ಹಾಜರಿ ಬೇಕು. ಕಡಿಮೆ ಇದ್ದ ಮಕ್ಕಳ ಮನೆಗೆ ಜನವರಿಯಲ್ಲಿ ಕಾಗದ ಹೋಗುತ್ತದೆ. ಎಲ್ಲರಿಗೂ ಒಂದೇ ಒಕ್ಕಣೆ, ಹೆಸರು ಮತ್ತು ಸಂಖ್ಯೆ ಮಾತ್ರ ಬೇರೆ. ಅಕ್ಕ ಮೇಣದ ಹಾಳೆಯ ಮೇಲೆ ಒಕ್ಕಣೆಯನ್ನು ಟೈಪು ಮಾಡಿ, ಹೆಸರು ಮತ್ತು ಸಂಖ್ಯೆಗಳ ಕಡೆ ಜಾಗ ಖಾಲಿ ಬಿಡುತ್ತಿದ್ದರು. ಆ ಹಾಳೆಯನ್ನು ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರಕ್ಕೆ ಹಾಕಿ ನಾನು ಹಿಡಿ ತಿರುಗಿಸುತ್ತಿದ್ದೆ. ಮೊಣಕೈವರೆಗೆ ಮಸಿ. ಆಮೇಲೆ ಒಂದೊಂದೇ ಕಾಗದವನ್ನು ಟೈಪ್‌ರೈಟರಿಗೆ ಏರಿಸಿ ಖಾಲಿ ಜಾಗ ತುಂಬುವುದು. ಆ ಖಾಲಿ ಜಾಗಕ್ಕೆ ಅಕ್ಕ 'ಗುಂಡಿ' ಎನ್ನುತ್ತಿದ್ದರು. "ಗುಂಡಿ ತೋಡಿ ಆಯ್ತು, ಇನ್ನು ಸಸಿ ನೆಡುವ."

ಒಟ್ಟು ದಿನ ಎಷ್ಟು, ಬಂದದ್ದು ಎಷ್ಟು, ತಪ್ಪಿಸಿದ್ದು ಎಷ್ಟು, ಶೇಕಡಾ ಎಷ್ಟು, ಇವು ನಾಲ್ಕು ಗುಂಡಿಗಳು. ಅಕ್ಕ ಕೊನೆಗೆ ಐದನೆಯದೊಂದನ್ನು ತಾವೇ ಸೇರಿಸಿದ್ದರು. ಅದನ್ನು ಸೇರಿಸಲು ಯಾವ ನಿಯಮವೂ ಹೇಳಿರಲಿಲ್ಲ. ಉದಾಹರಣೆಗೆ ಒಬ್ಬ ಹುಡುಗ ನೂರ ಮೂವತ್ತೆಂಟು ದಿನಗಳಲ್ಲಿ ನೂರು ದಿನ ಬಂದಿದ್ದಾನೆ ಎನ್ನಿ. ಪರೀಕ್ಷೆಗೆ ಮುಂಚೆ ಇನ್ನು ನಲವತ್ತೆರಡು ದಿನ ಉಂಟು. ಅಕ್ಕ ಒಟ್ಟು ನೂರ ಎಂಬತ್ತು ದಿನದ ಮುಕ್ಕಾಲು ನೂರ ಮೂವತ್ತೈದು ಎಂದು ಹಿಂದಿನಿಂದ ಲೆಕ್ಕ ಹಾಕಿ, "ಇನ್ನು ಮೂವತ್ತೈದು ದಿನ ಬಂದರೆ ಸಾಕು" ಎಂದು ತುಂಬುತ್ತಿದ್ದರು. ಅದು ಏಕೆ ಎಂದು ನಾನು ಒಮ್ಮೆ ಕೇಳಿದೆ. "ಶೇಕಡಾ ನೋಡಿದರೆ ಅಪ್ಪಂದಿರು ಬೆತ್ತ ಹುಡುಕ್ತಾರೆ. ಇಷ್ಟು ದಿನ ಬಂದರೆ ಸಾಕು ಅಂದರೆ ಬೆಳಗ್ಗೆ ಬೇಗ ಎಬ್ಬಿಸ್ತಾರೆ" ಎಂದರು.

ಇನ್ನೊಂದು ಸಂಗತಿ. ಒಕ್ಕಣೆ ಶುರುವಾಗುವುದು 'ತಂದೆಯವರಿಗೆ' ಎಂದು. ಒಂದು ವರ್ಷ ಆ ಪಟ್ಟಿಯಲ್ಲಿ ತಂದೆ ಇಲ್ಲದ ಮೂವರು ಮಕ್ಕಳಿದ್ದರು. 'ತಂದೆ'ಯನ್ನು ಹೊಡೆದು ಹಾಕಿ ಮೇಲೆ 'ತಾಯಿ' ಎಂದು ಬರೆಯಬಹುದಿತ್ತು. ಅಕ್ಕ ಮೂರೇ ಮೂರು ಕಾಗದಕ್ಕಾಗಿ ಇನ್ನೊಂದು ಮೇಣದ ಹಾಳೆ ಪೂರ್ತಿ ಟೈಪು ಮಾಡಿದರು. ಹಾಳೆ ದುಬಾರಿ, ಪ್ರಿನ್ಸಿಪಾಲರು ಕೇಳಿದರೆ ಎಂತ ಹೇಳುವುದು ಎಂದು ನಾನು ಹೆದರಿದೆ. "ಹರಿಯಿತು ಅಂತ ಹೇಳುವ. ಗಂಡ ಹೋದವಳ ಮನೆಗೆ 'ತಂದೆ' ಹೊಡೆದು ಹಾಕಿದ ಕಾಗದ ಕಳಿಸ್ಲಿಕ್ಕೆ ಆಗ್ತದಾ?" ಎಂದರು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದ ಕಾಗದಗಳಲ್ಲಿ ಅವರ ಹೆಸರು ಹೊಡೆದು ಹಾಕಿದಂಥವು ಎಷ್ಟೋ ಇದ್ದವು. ಪ್ರತಿಸಲ ನನಗೆ ಆ ಮೂರು ಕಾಗದದ ನೆನಪಾಗುತ್ತಿತ್ತು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಾಲೇಜಿಗೆ ಕಂಪ್ಯೂಟರ್ ಬಂತು. ಒಂದೇ ಒಂದು. ಅದಕ್ಕೊಂದು ತಣ್ಣಗಿನ ಕೋಣೆ, ಬಾಗಿಲಿಗೆ ಪರದೆ, ಚಪ್ಪಲಿ ಹೊರಗೆ. ಅಕ್ಕ ಚಪ್ಪಲಿ ಕಳಚುತ್ತಾ, "ಮಂಗಳಾರತಿ ಎಷ್ಟು ಗಂಟೆಗೆ?" ಎಂದು ಕೇಳಿದರು. ಅದನ್ನು ನೋಡಿಕೊಳ್ಳಲು ಬಂದ ಎಳೆಯ ಲೆಕ್ಚರರಿಗೆ ನಗು ತಡೆಯಲಾಗಲಿಲ್ಲ. ಅವರನ್ನು ನಾವು ಕಂಪ್ಯೂಟರ್ ಸರ್ ಎನ್ನುತ್ತಿದ್ದೆವು. ಒಳ್ಳೆಯವರೇ. ಸ್ವಲ್ಪ ಅವಸರ.

ಆ ಯಂತ್ರದಲ್ಲಿ ಒಕ್ಕಣೆ ಒಂದು ಕಡೆ, ಹೆಸರುಗಳ ಪಟ್ಟಿ ಇನ್ನೊಂದು ಕಡೆ. ಎರಡನ್ನೂ ಸೇರಿಸು ಎಂದರೆ ಗುಂಡಿಗಳನ್ನು ತಾನೇ ತುಂಬಿಕೊಂಡು ಕಾಗದದ ಮೇಲೆ ಕಾಗದ ಅಚ್ಚು ಹಾಕುತ್ತಿತ್ತು. ಅಷ್ಟೇ ಅಲ್ಲ, ಲೆಕ್ಕವನ್ನೂ ಮಾಡುತ್ತಿತ್ತು. ಒಕ್ಕಣೆಯ ನಡುವೆ ಚುಕ್ಕಿ ಇಟ್ಟು ಒಂದು ಸಾಲು ಬರೆಯಬೇಕು: ಒಟ್ಟು ದಿನದಿಂದ ಬಂದ ದಿನ ಕಳೆ, ಬಂದ ದಿನವನ್ನು ಒಟ್ಟು ದಿನದಿಂದ ಭಾಗಿಸು, ನೂರರಿಂದ ಗುಣಿಸು. ಚುಕ್ಕಿಯಿಂದ ಶುರುವಾಗುವ ಸಾಲು ಕಾಗದದಲ್ಲಿ ಅಚ್ಚಾಗುವುದಿಲ್ಲ, ಉತ್ತರ ಮಾತ್ರ ಅಚ್ಚಾಗುತ್ತದೆ. ಸರ್ ಇದನ್ನು ತೋರಿಸಿದಾಗ ಅಕ್ಕನಿಗೆ ಬಹಳ ಸಂತೋಷವಾಯಿತು. "ನಮ್ಮ ಹಾಗೆಯೇ. ಕೆಲಸ ಮಾಡ್ತದೆ, ಕಣ್ಣಿಗೆ ಕಾಣುವುದಿಲ್ಲ."

ಒಂದೇ ಕೊರತೆ, ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಕಾಗದ ಇಂಗ್ಲಿಷಿನಲ್ಲಿ ಹೋಗಬೇಕು. ಅದರಿಂದ ಕಾಲೇಜಿಗೆ ಗೌರವ ಎಂದು ಪ್ರಿನ್ಸಿಪಾಲರಿಗೆ ಖುಷಿ. "ಓದುವವರಿಗೆ ಬರಬೇಕಲ್ಲ ಸರ್" ಎಂದು ಅಕ್ಕ ಅಂದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಜನವರಿಯಲ್ಲಿ ಬಂಟ್ವಾಳದಲ್ಲಿದ್ದ ನಮ್ಮ ಅಕ್ಕನ ಒಡಹುಟ್ಟಿದವಳಿಗೆ ಕಣ್ಣಿನ ಆಪರೇಷನ್ ಆಯಿತು. ಇವರು ಒಂದು ವಾರ ರಜೆ ಹಾಕಿ ಅಲ್ಲಿಗೆ ಹೋದರು. ಹಾಜರಿ ಕಾಗದ ಕಳಿಸುವ ಸಮಯ. ನಾನು ರಿಜಿಸ್ಟರ್ ನೋಡಿ ಪ್ರತಿಯೊಬ್ಬರೂ ಎಷ್ಟು ದಿನ ಬಂದರೆಂದು ಯಂತ್ರಕ್ಕೆ ಹಾಕಿದೆ. ಸರ್ ಪಕ್ಕದಲ್ಲಿ ನಿಂತು, "ಒಟ್ಟು ದಿನ ನೂರ ಮೂವತ್ತೆಂಟು. ಅದು ಎಲ್ಲರಿಗೂ ಒಂದೇ ಅಲ್ಲವಾ? ಒಕ್ಕಣೆಯಲ್ಲೇ ಒಂದು ಸಲ ಹಾಕಿಬಿಡುವ" ಎಂದರು.

ಎಲ್ಲರಿಗೂ ಒಂದೇ ಅಲ್ಲ. ನನಗೆ ಅದು ಗೊತ್ತಿತ್ತು. ತಡವಾಗಿ ಸೇರಿದ ಮಕ್ಕಳ ಹೆಸರಿನ ಪಕ್ಕ ಅಕ್ಕ ರಿಜಿಸ್ಟರಿನಲ್ಲಿ ಕೆಂಪು ಚುಕ್ಕೆ ಇಡುತ್ತಿದ್ದರು. ಅವರಿಗೆ ಸೇರಿದ ದಿನದಿಂದಲೇ ಲೆಕ್ಕ. ಅದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ, ಅಕ್ಕನ ಕೈಯಲ್ಲಿದ್ದ ರೂಢಿ. ಕೆಂಪು ಚುಕ್ಕೆ ಇದ್ದವರು ಆ ಪಟ್ಟಿಯಲ್ಲಿ ಮೂವರು. ನಾನು ಬಾಯಿ ತೆರೆಯಬೇಕಿತ್ತು. ಸರ್ ಕಲಿತವರು, ಇಂಗ್ಲಿಷ್ ಮಾತಾಡುವವರು. ನಾನು ತಲೆ ಆಡಿಸಿದೆ. ಮೂವತ್ತೊಂಬತ್ತು ಕಾಗದ ಅಚ್ಚಾಗಿ ಸೋಮವಾರ ಅಂಚೆಗೆ ಬಿದ್ದವು.

ಮುಂದಿನ ಸೋಮವಾರ ಅಕ್ಕ ಬಂದವರೇ ಕಾಗದಗಳ ಪ್ರತಿ ತರಿಸಿಕೊಂಡರು. ಯಂತ್ರ ಮಾಡಿದ ಲೆಕ್ಕವನ್ನು ಪೆನ್ಸಿಲಿನಲ್ಲಿ ಮತ್ತೆ ಮಾಡತೊಡಗಿದರು. ಆರನೆಯ ಕಾಗದಕ್ಕೆ ಪೆನ್ಸಿಲ್ ನಿಂತಿತು.

"ಇದು ಆ ಕೊಕ್ಕಡದ ಹುಡುಗಿಯದ್ದಲ್ವಾ?"

ಹೌದು. ಎರಡನೇ ಪಿಯುಸಿ. ಮೊದಲ ವರ್ಷ ಬೆಳ್ತಂಗಡಿಗೆ ಬಸ್ಸಿನಲ್ಲಿ ಹೋಗಿ ಓದಿದವಳು. ಆ ಓಡಾಟ ಆಗದೆ, ಮಿಜಾರಿನ ಸೋದರತ್ತೆಯ ಮನೆಯಲ್ಲಿ ನಿಂತು ನಮ್ಮಲ್ಲಿಗೆ ಬರುತ್ತಿದ್ದಳು. ಹೆಣ್ಣುಮಗಳನ್ನು ಅಷ್ಟು ದೂರ ಬಿಡಲು ಅಪ್ಪ ಮೊದಲು ಒಪ್ಪಿರಲಿಲ್ಲ. ಒಪ್ಪುವ ಹೊತ್ತಿಗೆ ಕಾಲೇಜು ಶುರುವಾಗಿ ನಲವತ್ತೊಂದು ದಿನ ಕಳೆದಿತ್ತು.

ಕಾಗದದಲ್ಲಿ ಹೀಗಿತ್ತು: ಒಟ್ಟು 138, ಹಾಜರು 81, ಗೈರು 57, ಶೇಕಡಾ 58.7. ಅಕ್ಕ ಅದರ ಕೆಳಗೆ ಬರೆದರು: ಒಟ್ಟು 97, ಹಾಜರು 81, ಗೈರು 16, ಶೇಕಡಾ 83.5. ಅವಳಿಗೆ ಕಾಗದವೇ ಹೋಗಬಾರದಿತ್ತು.

"ಒಟ್ಟು ದಿನ ಎಲ್ಲರಿಗೂ ಒಂದೇ ಅಂತ ಯಾರು ಹೇಳಿದ್ದು?"

ನಾನು ಕೆಂಪು ಚುಕ್ಕೆಯ ಪುಟ ಬಿಡಿಸಿ ಅವರ ಮುಂದೆ ಇಟ್ಟೆ. ಅಕ್ಕ ಮತ್ತೆ ಕೇಳಲಿಲ್ಲ. ಕೆಂಪು ಚುಕ್ಕೆಯ ಇನ್ನಿಬ್ಬರ ಮನೆಗೆ ಕೂಡಲೇ ಕನ್ನಡದಲ್ಲಿ ಸರಿಯಾದ ಕಾಗದ ಬರೆದು ಅಂಚೆಗೆ ಹಾಕಿಸಿದರು. ಆಮೇಲೆ ಆ ಹುಡುಗಿಯನ್ನು ಕರೆ ಎಂದರು. ತರಗತಿಯಲ್ಲಿ ಅವಳಿರಲಿಲ್ಲ. ಮಿಜಾರಿನಿಂದ ಬರುವ ಇನ್ನೊಬ್ಬಳು ಹೇಳಿದಳು: "ಬುಧವಾರ ಸಂಜೆ ಅವಳ ಅಪ್ಪ ಬಂದು ಕರ್ಕೊಂಡು ಹೋದ್ರು ಅಕ್ಕ. ಪೆಟ್ಟಿಗೆ ಸಮೇತ."

ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕಾಗದ ಒಮ್ಮೆ ಹೋದ ಮೇಲೆ ಅದರ ಬಾಯಿ ಮುಚ್ಚಲಿಕ್ಕೆ ಇನ್ನೊಂದು ಕಾಗದದಿಂದ ಆಗುವುದಿಲ್ಲ. ನಾಳೆ ಹೋಗುವ. ನೀನೂ ಬಾ."

ಮಂಗಳವಾರ ವೇಣೂರು ದಾರಿಯ ಮೊದಲ ಬಸ್ಸು ಹಿಡಿದೆವು. ಬೆಳ್ತಂಗಡಿಯಲ್ಲಿ ಇಳಿದು ಇನ್ನೊಂದು. ಹಾಜರಿ ರಿಜಿಸ್ಟರನ್ನು ಆಫೀಸಿನಿಂದ ಯಾರಿಗೂ ಹೊರಗೆ ಒಯ್ಯಲು ಬಿಡದ ಅಕ್ಕ, ಆ ದಿನ ಅದನ್ನು ಬಟ್ಟೆ ಚೀಲದಲ್ಲಿ ಹಾಕಿ ಮಡಿಲಲ್ಲಿಟ್ಟುಕೊಂಡಿದ್ದರು. ದಾರಿಯಲ್ಲಿ ನನ್ನನ್ನು ಬೈಯ್ಯುತ್ತಾರೆಂದು ಕಾಯುತ್ತಿದ್ದೆ. ಅವರು ಬೈಯ್ಯಲಿಲ್ಲ. ಬೆಳ್ತಂಗಡಿಯ ಬಸ್‌ಸ್ಟ್ಯಾಂಡಿನಲ್ಲಿ ಗೋಳಿಬಜೆ ಕೊಡಿಸಿ, "ತಿನ್ನು. ಹಸಿದ ಹೊಟ್ಟೆಗೆ ಹೆದರಿಕೆ ಜಾಸ್ತಿ" ಎಂದರು.

ಕೊಕ್ಕಡದಲ್ಲಿ ಇಳಿದು ಒಳಗೆ ಮುಕ್ಕಾಲು ಗಂಟೆ ನಡೆಯಬೇಕಿತ್ತು. ಹುಡುಗಿಯ ಅಪ್ಪ ರಬ್ಬರು ಹಾಳೆಗಳನ್ನು ಬಿಸಿಲಿಗೆ ಹರಡುತ್ತಿದ್ದರು. ಕಾಲೇಜಿನವರೆಂದು ತಿಳಿದು ಕೈ ತೊಳೆದು ಬಂದು ಚಾಪೆ ಹಾಕಿಸಿದರು. ತಾಯಿ ಬೆಲ್ಲ, ನೀರು ತಂದಿಟ್ಟು ಬಾಗಿಲ ಹಿಂದೆ ನಿಂತರು. ಹುಡುಗಿ ಹೊರಗೆ ಬರಲಿಲ್ಲ. ಮಾತೆಲ್ಲ ತುಳುವಿನಲ್ಲಿ ನಡೆಯಿತು, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೀವು ಬರುವ ಅಗತ್ಯ ಇರಲಿಲ್ಲ" ಎಂದರು ಅಪ್ಪ. "ನಿಮ್ಮ ಕಾಗದ ಸಿಕ್ಕಿತು. ಇಂಗ್ಲಿಷು ನನಗೆ ಬರುವುದಿಲ್ಲ. ಅಂಚೆಯವರು ಓದಿ ಹೇಳಿದ್ರು. ಐವತ್ತೇಳು ದಿನ ಕಾಲೇಜಿಗೆ ಬರಲಿಲ್ಲ ಅಂತ."

"ಆ ಕಾಗದ ತಪ್ಪು ಅಣ್ಣ. ಅದನ್ನು ಹೇಳ್ಲಿಕ್ಕೇ ಬಂದದ್ದು."

"ದಿನಾ ಬೆಳಗ್ಗೆ ಮನೆಯಿಂದ ಹೊರಡ್ತಾಳೆ ಅಂತ ನನ್ನ ತಂಗಿ ಹೇಳ್ತಾಳೆ. ಕಾಲೇಜಿಗೆ ಬರಲಿಲ್ಲ ಅಂತ ನೀವು ಹೇಳ್ತೀರಿ. ಹಾಗಾದ್ರೆ ಐವತ್ತೇಳು ದಿನ ಇವಳು ಎಲ್ಲಿಗೆ ಹೋದದ್ದು? ಕೇಳಿದ್ರೆ ಅಳ್ತಾಳೆ, ಉತ್ತರ ಇಲ್ಲ. ಅಂಚೆಯವರು ಓದಿದ್ದು ಊರಿಗೇ ಗೊತ್ತಾಗಿದೆ. ಓದಿದ್ದು ಸಾಕು. ಸಂಬಂಧ ನೋಡ್ಲಿಕ್ಕೆ ಹೇಳಿ ಆಗಿದೆ."

ಶೇಕಡಾ ಕಡಿಮೆಯಾಯಿತು, ಪರೀಕ್ಷೆ ತಪ್ಪಿತು ಎಂದಷ್ಟೇ ನಾನು ತಿಳಿದಿದ್ದೆ. ಆ ಹುಡುಗಿಯ ಹೆಸರೇ ಹೋಗುವುದರಲ್ಲಿತ್ತು.

ಅಕ್ಕ ರಿಜಿಸ್ಟರ್ ಬಿಡಿಸಿದರು. ಸೇರಿದ ತಾರೀಕು ತೋರಿಸಿದರು. ಒಟ್ಟು ದಿನ ಎಂದರೇನು, ಭಾಗಿಸುವುದು ಹೇಗೆ, ಶೇಕಡಾ ಬರುವುದು ಹೇಗೆ ಎಂದು ಬಿಡಿಸಿ ಬಿಡಿಸಿ ಹೇಳಿದರು. ಅಷ್ಟು ಚೆನ್ನಾಗಿ ಲೆಕ್ಕ ಬಲ್ಲ ಅಕ್ಕನ ಮಾತು ಆ ದಿನ ಅಪ್ಪನ ಕಿವಿಗೆ ಇಳಿಯಲಿಲ್ಲ. ಅವರು ರಿಜಿಸ್ಟರನ್ನು ನೋಡುತ್ತಲೂ ಇರಲಿಲ್ಲ.

"ನೀವು ಒಳ್ಳೆಯವರು, ಹುಡುಗಿಯನ್ನು ಉಳಿಸ್ಲಿಕ್ಕೆ ಹೇಳ್ತೀರಿ" ಎಂದರು. "ಆದ್ರೆ ಅದು ಯಂತ್ರ ಮಾಡಿದ ಲೆಕ್ಕ ಅಂತ ಅಂಚೆಯವರು ಹೇಳಿದ್ರಲ್ಲ? ಯಂತ್ರ ಸುಳ್ಳು ಹೇಳ್ತದಾ?"

"ಯಂತ್ರಕ್ಕೆ ಹೇಳಿದ್ದು ಆಫೀಸು. ತಪ್ಪು ನನ್ನದು" ಎಂದರು ಅಕ್ಕ.

ಅದನ್ನು ಕೇಳಿ ನನಗೆ ಸುಮ್ಮನೆ ಕೂರಲು ಆಗಲಿಲ್ಲ. ಎಲ್ಲಿಂದ ಧೈರ್ಯ ಬಂತೋ ಇವತ್ತಿಗೂ ತಿಳಿಯದು.

"ಅಕ್ಕನ ತಪ್ಪಲ್ಲ, ನನ್ನದು" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು. "ಎಲ್ಲರಿಗೂ ಒಂದೇ ದಿನವಾ ಅಂತ ಸರ್ ಕೇಳಿದಾಗ ನಾನು ಹೌದು ಅಂತ ತಲೆ ಆಡಿಸಿದೆ. ಐವತ್ತೇಳರಲ್ಲಿ ನಲವತ್ತೊಂದು ದಿನ ನಿಮ್ಮ ಮಗಳು ಎಲ್ಲಿಗೂ ಹೋಗಲಿಲ್ಲ. ಆಗ ಇನ್ನೂ ನಮ್ಮ ಕಾಲೇಜಿಗೆ ಸೇರಿಯೇ ಇರಲಿಲ್ಲ. ನೀವು ಕಳಿಸ್ತೇನೆ, ಕಳಿಸುವುದಿಲ್ಲ ಅಂತ ಯೋಚನೆ ಮಾಡ್ತಾ ಇದ್ದಾಗ ಅವಳು ಇಲ್ಲೇ ಇದ್ದಳು. ನಿಮ್ಮ ಕಣ್ಣೆದುರೇ. ನೀವು ಇಟ್ಟುಕೊಂಡ ದಿನಗಳನ್ನು ನಾನು ಅವಳು ತಪ್ಪಿಸಿದ ದಿನ ಅಂತ ಬರೆದೆ."

ಅಪ್ಪ ಮೊದಲ ಸಲ ರಿಜಿಸ್ಟರಿನ ಕಡೆ ತಿರುಗಿದರು. ಜೂನ್, ಜುಲೈ ಎಂದು ಬೆರಳು ಮಡಿಸಿದರು. ಬಾಗಿಲ ಹಿಂದಿನಿಂದ ತಾಯಿ ಮೆಲ್ಲಗೆ, "ನೇಜಿ ನೆಟ್ಟು ಆಗುವವರೆಗೆ ಇಲ್ಲೇ ಇದ್ದಳಲ್ಲ. ನನ್ನೊಟ್ಟಿಗೆ ಗದ್ದೆಗೂ ಇಳಿದಿದ್ದಳು" ಎಂದರು.

"ಉಳಿದ ಹದಿನಾರು?" ಎಂದು ಅಪ್ಪ ಕೇಳಿದರು.

ಅದಕ್ಕೆ ಉತ್ತರ ಒಳಗಿನಿಂದ ಬಂತು. ಹುಡುಗಿಯೇ ಹೊರಗೆ ಬಂದು ನಿಂತು ಹೇಳಿದಳು. ಜ್ವರ ಬಂದು ಒಂಬತ್ತು ದಿನ. ಅತ್ತೆಗೆ ಹೆರಿಗೆಯಾದಾಗ ಐದು. ಅಜ್ಜನ ತಿಥಿಗೆ ಇಲ್ಲಿಗೆ ಬಂದು ಹೋದದ್ದು ಎರಡು. ಅಕ್ಕ ರಿಜಿಸ್ಟರಿನಲ್ಲಿ ಒಂದೊಂದೇ ತಾರೀಕಿನ ಮೇಲೆ ಬೆರಳಿಟ್ಟು, "ಸರಿ, ಸರಿ" ಎನ್ನುತ್ತಾ ಹೋದರು.

ಅಪ್ಪ ಎದ್ದು ಅಂಗಳಕ್ಕಿಳಿದರು. ತಿರುಗಿ ನೋಡದೆಯೇ, "ಪೆಟ್ಟಿಗೆ ಕಟ್ಟು. ಮೂರು ಗಂಟೆಯ ಬಸ್ಸು ಉಂಟು" ಎಂದರು. ಆಮೇಲೆ ಅಕ್ಕನಿಗೆ, "ಒಂದು ಕಾಗದ ಕನ್ನಡದಲ್ಲಿ ಬರೆದು ಕೊಡಿ. ಅಂಚೆಯವರಿಗೇ ಓದ್ಲಿಕ್ಕೆ ಕೊಡ್ತೇನೆ. ಅಂಗಡಿಯ ಹತ್ತಿರ ನಿಂತು ಜೋರಾಗಿ ಓದಲಿ" ಎಂದರು.

ಅಕ್ಕ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು. ನಾನು ಬರೆದೆ. ಯಾವ ಗುಂಡಿಯೂ ಇಲ್ಲದ, ಮೊದಲಿನಿಂದ ಕೊನೆಯವರೆಗೆ ನಾನೇ ಬರೆದ ಮೊದಲ ಕಾಗದ ಅದು. ಕೆಳಗೆ ಸಹಿಯನ್ನೂ ನನ್ನ ಹತ್ತಿರವೇ ಹಾಕಿಸಿ, ಪಕ್ಕದಲ್ಲಿ ತಾವೂ ಹಾಕಿದರು.

ಬಸ್ಸಿನಲ್ಲಿ ಹುಡುಗಿ ನಮ್ಮಿಬ್ಬರ ನಡುವೆ ಕೂತು ಬೆಳ್ತಂಗಡಿ ಬರುವ ಮೊದಲೇ ನಿದ್ದೆ ಹೋದಳು. ಆರು ರಾತ್ರಿ ನಿದ್ದೆ ಮಾಡಿರಲಿಲ್ಲವೇನೋ. ಅವಳ ತಲೆಯ ಮೇಲಿನಿಂದ ಅಕ್ಕ ನನಗೆ ಹೇಳಿದರು: "ನಾಳೆ ಸರ್ ಹತ್ತಿರ ಹೋಗಿ ಎಲ್ಲರಿಗೂ ಒಂದೇ ಅಲ್ಲ ಅಂತ ಹೇಳು. ಜೋರಾಗಿ ಹೇಳಬೇಕು ಅಂತ ಇಲ್ಲ. ಹೇಳಿದರೆ ಸಾಕು."

ನಾನು ಹೇಳಿದೆ. ಸರ್ ಪೆಚ್ಚಾದರು, ಆಮೇಲೆ ಕುರ್ಚಿ ಎಳೆದು ಕೂತರು. ಪಟ್ಟಿಯಲ್ಲಿ ಇನ್ನೊಂದು ಅಂಕಣ ಸೇರಿತು, ಪ್ರತಿಯೊಂದು ಮಗುವಿಗೂ ಅದರದೇ ಒಟ್ಟು ದಿನ. ಚುಕ್ಕಿಯ ಸಾಲನ್ನು ಅದಕ್ಕೆ ತಕ್ಕಂತೆ ತಿದ್ದಿದರು. ಇನ್ನೆಷ್ಟು ದಿನ ಬಂದರೆ ಸಾಕು ಎನ್ನುವ ಅಕ್ಕನ ಲೆಕ್ಕಕ್ಕೂ ಒಂದು ಚುಕ್ಕಿಯ ಸಾಲು ಬಂತು. ಅದನ್ನು ಕನ್ನಡದಲ್ಲಿ ಕೈಯಿಂದ ಬರೆಯುವ ಕೆಲಸ ನನ್ನದಾಯಿತು. ಆದರೂ ಅಕ್ಕ ನಿವೃತ್ತಿಯಾಗುವವರೆಗೆ ಪ್ರತಿ ಕಾಗದದ ಲೆಕ್ಕವನ್ನೂ ಪೆನ್ಸಿಲಿನಲ್ಲಿ ಒಮ್ಮೆ ಮಾಡಿ ನೋಡಿಯೇ ಅಂಚೆಗೆ ಬಿಡುತ್ತಿದ್ದದ್ದು. ಸರ್ ಒಮ್ಮೆ, "ನಂಬಿಕೆ ಇಲ್ಲವಾ ಅಕ್ಕ?" ಎಂದು ಕೇಳಿದ್ದಕ್ಕೆ, "ಅದರ ಮೇಲೆ ಉಂಟು. ಅದಕ್ಕೆ ಹೇಳಿಕೊಡುವ ನಮ್ಮ ಮೇಲೆ ಇಲ್ಲ" ಎಂದಿದ್ದರು.

ಪರೀಕ್ಷೆಯ ಹಾಲ್ ಟಿಕೆಟ್ ಕೊಡುವ ದಿನ ಯಾವಾಗಲೂ ಕಿಟಕಿಯಲ್ಲಿ ಕೂರುತ್ತಿದ್ದದ್ದು ಅಕ್ಕ. ಮಕ್ಕಳ ಹೆಸರನ್ನು ಗಟ್ಟಿಯಾಗಿ ಕರೆಯಬೇಕಾದ ಕೆಲಸ, ನನಗಲ್ಲ ಎಂದು ನಾನು ಹಿಂದೆಯೇ ಉಳಿಯುತ್ತಿದ್ದೆ. ಆ ವರ್ಷ ಅಕ್ಕ ಗಂಜಿಯ ಬುತ್ತಿ ಬಿಚ್ಚಿಕೊಂಡು, "ಇವತ್ತು ನೀನು ಕೂರು" ಎಂದರು. ಗಂಟೆ ಹನ್ನೊಂದು ಕೂಡ ಆಗಿರಲಿಲ್ಲ.

ನಾನು ಕೂತೆ. ಒಂದೊಂದೇ ಹೆಸರು ಕರೆದೆ. ಕೊಕ್ಕಡದ ಹುಡುಗಿಯ ಹೆಸರು ಬಂದಾಗ ಕಿಟಕಿಯ ಹೊರಗೆ ಅವಳು ನಿಂತಿದ್ದಳು, ಎರಡು ಜಡೆ, ಕೈಯಲ್ಲಿ ಮುಚ್ಚಳ ತೆಗೆದ ಪೆನ್ನು. ಟಿಕೆಟ್ ಕೊಟ್ಟೆ. ಸಹಿ ಹಾಕುವ ಜಾಗ ತೋರಿಸಿದೆ. ಅವಳು ನಿಧಾನವಾಗಿ ಪೂರ್ತಿ ಹೆಸರು ಬರೆದಳು. ನಾನು ಆ ಸಹಿಯನ್ನೇ ನೋಡುತ್ತಾ ಕೂತುಬಿಟ್ಟೆ.

ಹಿಂದಿನಿಂದ ಅಕ್ಕ, "ಮುಂದಿನವರನ್ನು ಕರಿ ಮಾರಾಯ್ತಿ, ಬಿಸಿಲಲ್ಲಿ ನಿಂತಿದ್ದಾರೆ ಮಕ್ಕಳು" ಎಂದರು.

ಕರೆದೆ.